ಅಮ್ಮನ ಪಕ್ಕದ ಜಾಗ

ನನ್ನ ಅಬ್ಬಾ ಯಾವ ಗಿಡವನ್ನೂ ಗಿಡವೆಂದು ನೋಡಿದವರಲ್ಲ. ಲಕ್ಷ್ಮೇಶ್ವರದಲ್ಲಿ ನಮ್ಮದು ಕಟ್ಟಿಗೆ ಅಡ್ಡೆ. ಅಜ್ಜನ ಕಾಲದಿಂದಲೂ ದಿಮ್ಮಿ ತರಿಸಿ, ಕೊಯ್ಸಿ, ಬಾಗಿಲು, ಚೌಕಟ್ಟು, ತೊಲೆ ಮಾಡಿಸುವವರಿಗೆ ಕೊಟ್ಟುಕೊಂಡು ಬಂದ ಮನೆ. ಬೀಗರ ಮನೆಗೆ ಹೋಗಿ ಅಂಗಳದ ಬೇವಿನ ನೆರಳಿಗೆ ಕೂತರೂ ಅಬ್ಬಾ ಮೊದಲು ತಲೆ ಎತ್ತಿ ಬೊಡ್ಡೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು. "ನಡುವ ಟೊಳ್ಳ ಐತಿ," ಎಂದು ತೀರ್ಪು ಕೊಡುತ್ತಿದ್ದರು. ಬೀಗರಿಗೆ ಕೇಳಿಸಿ ಅವರು ಇನ್ನೇನೋ ತಿಳಿದುಕೊಂಡಾರು ಎಂದು ಅಮ್ಮ ಅವರ ತೊಡೆ ಚಿವುಟುತ್ತಿದ್ದಳು.

ಮನೆಯೊಳಗೆ ನಮ್ಮ ಮಾತು ಉರ್ದು. ಆದರೆ ಸಿಟ್ಟು ಬಂದಾಗ, ಇಲ್ಲವೇ ಕಟ್ಟಿಗೆಯ ವಿಷಯ ಬಂದಾಗ ಅಬ್ಬಾಗೆ ಕನ್ನಡವೇ ಬೇಕು. ಅವರ ಜಗಳ, ಚೌಕಾಸಿ, ಗೆಳೆತನ ಎಲ್ಲ ಅಡ್ಡೆಯಲ್ಲಿ ಕನ್ನಡದಲ್ಲೇ ನಡೆದದ್ದು. ನಾನು ಈಗ ಬರೆಯುತ್ತಿರುವ ಸಂಗತಿಯಲ್ಲಿ ಅವರು ಉದ್ದಕ್ಕೂ ಕನ್ನಡದಲ್ಲೇ ಮಾತಾಡಿದ್ದಾರೆ. ಸಿಟ್ಟೂ ಇತ್ತು, ಕಟ್ಟಿಗೆಯೂ ಇತ್ತು.

ನಮ್ಮ ಮೂಲ ಊರು ಲಕ್ಷ್ಮೇಶ್ವರವಲ್ಲ. ಶಿರಹಟ್ಟಿ ದಾಟಿ ತುಂಗಭದ್ರೆಯ ಕಡೆಗೆ ಇಳಿದರೆ ಸಿಗುವ, ಹೊಳೆಗೆ ಅಂಟಿಕೊಂಡ ಒಂದು ಸಣ್ಣ ಹಳ್ಳಿ. ಅಲ್ಲಿ ಈಗ ನಮಗೆ ಮನೆಯಿಲ್ಲ, ಹೊಲವಿಲ್ಲ. ಉಳಿದಿರುವುದು ಖಬರಸ್ತಾನ ಮಾತ್ರ. ಅಜ್ಜ, ಅಜ್ಜಿ, ಅವರ ಹಿಂದಿನವರು ಎಲ್ಲ ಅಲ್ಲೇ ಮಲಗಿದ್ದಾರೆ. ಅಮ್ಮನನ್ನೂ ಅಲ್ಲೇ ಮಣ್ಣು ಮಾಡಿದೆವು. ಅದು ಅವಳದೇ ಆಸೆ. ಬದುಕಿರುವಷ್ಟು ದಿನ ಗರಗಸದ ಸದ್ದು ಕೇಳಿ ಸಾಕಾಗಿದೆ, ಆಮೇಲಾದರೂ ನೀರಿನ ಸದ್ದು ಕೇಳುತ್ತೇನೆ ಎನ್ನುತ್ತಿದ್ದಳು. ಅವಳ ಪಕ್ಕದಲ್ಲಿ, ಹೊಳೆಯ ಬದಿಗೆ, ಅಬ್ಬಾ ತಮಗೊಂದು ಜಾಗ ಹಿಡಿದರು. ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಕಲ್ಲು ನೆಟ್ಟು, ಬಸ್ಸಿನ ಕಿಟಕಿಯಿಂದ ಟವೆಲು ಒಗೆದು ಸೀಟು ಹಿಡಿದವರ ಹಾಗೆ ಕೈ ಕೊಡವಿಕೊಂಡು ಬಂದರು. ಆವತ್ತು ಅವರ ಮುಖದಲ್ಲಿ ಒಂದು ನೆಮ್ಮದಿ ಇತ್ತು. ನನಗೂ ಅದನ್ನು ನೋಡಿ ಸಮಾಧಾನವಾಗಿತ್ತು.

ತೀರಿಹೋದವರಿಗಾಗಿ ಪ್ರಾರ್ಥಿಸುವ ರಾತ್ರಿ ಷಬೆ ಬರಾತ್. ಅದು ಬರುವ ಮುಂಚೆ ಖಬರಸ್ತಾನ ಸ್ವಚ್ಛ ಮಾಡುವುದು ನಮ್ಮಲ್ಲಿ ರೂಢಿ. ಗೋರಿಗಳ ಮೇಲಿನ ಕಸ ಕಿತ್ತು, ಸುಣ್ಣ ಬಳಿದು, ದಾರಿ ಸರಿ ಮಾಡುತ್ತೇವೆ. ಮೊದಲು ಕುಡುಗೋಲಿನಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಈಗ ಜೆಸಿಬಿ ಬಂದಿದೆ. ಅಮ್ಮ ಹೋದ ಮುಂದಿನ ವರ್ಷ ಊರಿನವರೆಲ್ಲ ಸೇರಿ ಭಕ್ತಿಯಿಂದ ಹೊಳೆದಂಡೆಯನ್ನೇ ಬೋಳಿಸಿಬಿಟ್ಟರು. ಬಳ್ಳಾರಿ ಜಾಲಿಯ ಜೊತೆಗೆ ಲಕ್ಕಿ ಪೊದೆ, ಹುಲ್ಲು, ಹಳೆಯ ಬೊಡ್ಡೆಗಳು ಎಲ್ಲ ಹೋದವು. ಬಂದವರೆಲ್ಲ ನೋಡಿ, ಏನು ಚೊಕ್ಕ ಇಟ್ಟೀರಿ ಎಂದು ಹೊಗಳಿದರು. ಆ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆ ಬಂದು, ಹಿಡಿಯುವವರೇ ಇಲ್ಲದ ಆ ಮಣ್ಣನ್ನು ಕೊರೆದುಕೊಂಡು ಹೋಯಿತು. ಹೊರಗಿನ ಸಾಲಿನ ಗೋರಿಗಳು ಹೋದವು. ತೀರ ಹಳೆಯವು, ಯಾರವೆಂದು ಯಾರಿಗೂ ನೆನಪಿಲ್ಲದವು. ಅದರ ಮುಂದಿನದು ಅಬ್ಬಾ ಕಲ್ಲು ನೆಟ್ಟ ಜಾಗ. ಅದರ ಹಿಂದೆ ಅಮ್ಮ.

ಅದಾದ ಮೇಲೆ ಅಬ್ಬಾ ಮೆತ್ತಗಾದರು. ಊಟ ಕಮ್ಮಿಯಾಯಿತು, ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ವಯಸ್ಸು ಎಂಬತ್ತರ ಹತ್ತಿರ, ಹೆಂಡತಿ ಹೋದ ದುಃಖ ಬೇರೆ, ಇರಬಹುದು ಎಂದುಕೊಂಡೆವು. ಗದಗಿನ ಡಾಕ್ಟರು ಬಿಪಿ ನೋಡಿ, ಗುಳಿಗೆ ಸರಿಯಾಗಿ ತಗೋತಾರೇನು ಎಂದು ಕೇಳಿದರು. ತಗೋತಾರೆ ಎಂದು ನಾನು ಎದೆ ತಟ್ಟಿ ಹೇಳಿದೆ. ಒಂದು ಬೆಳಿಗ್ಗೆ ನನ್ನ ಹೆಂಡತಿ ಮಲ್ಲಿಗೆ ಕುಂಡದ ಮಣ್ಣು ಸಡಿಲ ಮಾಡುತ್ತಿದ್ದಾಗ ಗುಳಿಗೆಗಳು ಮೇಲೆ ಬಂದವು. ಬಿಳಿಯವು, ಗುಲಾಬಿ ಬಣ್ಣದವು, ಅರ್ಧ ಕರಗಿದವು. ಮಲ್ಲಿಗೆ ಮಾತ್ರ ಆ ವರ್ಷ ಬಲು ಚೆನ್ನಾಗಿ ಹೂ ಬಿಟ್ಟಿತ್ತು.

ಅವಳು ಗುಳಿಗೆಗಳನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಅಬ್ಬಾನ ಮುಂದೆ ಹಿಡಿದಳು. "ಇದೇನ್ರಿ ಮಾವಾರ?"

ಅಬ್ಬಾ ಸಿಕ್ಕಿಬಿದ್ದದ್ದಕ್ಕೆ ನಾಚಿಕೊಳ್ಳಲಿಲ್ಲ. ಅವರೇ ರೇಗಿದರು. "ಹೊಳಿ ನನಗಿಂತ ಜೋರ ಹೊಂಟೈತಿ. ಅದು ನನ್ನ ಜಾಗಾ ಮುಟ್ಟೂದ್ರೊಳಗ ನಾ ಅಲ್ಲಿ ಮುಟ್ಟಬೇಕು. ಗುಳಿಗಿ ನುಂಗಕೋಂತ ಇಲ್ಲಿ ಕುಂತ್ರ ಹೊಳೀನ ಗೆಲ್ಲತೈತಿ."

"ಹಿಂಗ ಮಾಡೂದು ಗುನ್ಹಾ ಅಲ್ಲೇನ್ರಿ?"

"ನಾ ಏನ್ ವಿಷಾ ಕುಡಿದೇನೇನು? ಗುಳಿಗಿ ಬಿಟ್ಟೇನಿ, ಅಷ್ಟ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಭಯವಾಯಿತು. ಅಮ್ಮನ ಪಕ್ಕದ ಆ ಒಂದು ತುಂಡು ನೆಲಕ್ಕಾಗಿ ಈ ಮನುಷ್ಯ ನನ್ನ ಕಣ್ಣೆದುರೇ ಗಂಟು ಕಟ್ಟಿಕೊಂಡು ಹೊರಟು ನಿಂತಿದ್ದಾರೆ. ದಂಡೆ ನಿಂತರೆ ಇವರು ನಿಲ್ಲುತ್ತಾರೆ, ದಂಡೆ ಹೋದರೆ ಹೋಗುತ್ತಾರೆ. ಆವತ್ತಿನಿಂದ ನನಗೆ ಬೇರೆ ಲೆಕ್ಕವೇ ಉಳಿಯಲಿಲ್ಲ.

"ದಂಡೆಗೆ ಗಿಡ ಹಚ್ಚಿದರ ಹೆಂಗ?" ಎಂದೆ. ಬಹಳ ದಿನಗಳ ಮೇಲೆ ಅಬ್ಬಾ ನೆಟ್ಟಗೆ ಕೂತರು. ಗಿಡದ ಮಾತು ಬಂತಲ್ಲ.

"ಜಲ್ದಿ ಬೆಳಿಯೂದು ಯಾವುದು?" ಇದು ಅವರ ಮೊದಲ ಪ್ರಶ್ನೆ. ನೀಲಗಿರಿ ಜಲ್ದಿ ಬೆಳೆಯುತ್ತದೆ ಎಂದೆ. "ಥೂ, ಕೊಯ್ದ್ರ ತಿರುಚಿಕೊಂತೈತಿ. ನಿಮ್ಮವ್ವನ ಮಗ್ಗಲಕ ಅದನ್ನ ನಿಲ್ಲಸ್ತೀಯೇನು?" ಸುಬಾಬುಲ್ ಉರುವಲಿಗೂ ನಾಲಾಯಕ್ಕು ಎಂದು ತಳ್ಳಿಹಾಕಿದರು. ಹೊರಗಿನಿಂದ ಬಂದ ಗಿಡಗಳೆಲ್ಲ ಹೀಗೆ ಒಂದೊಂದಾಗಿ ಗರಗಸಕ್ಕೆ ಸಿಕ್ಕಿ ಬಿದ್ದವು. ಕೊನೆಗೆ, "ನಮ್ಮ ನೆಲದ ಗಿಡಾನ ಬೇಕು" ಎಂದರು. ಉತ್ತರ ಸರಿಯಾಗಿತ್ತು, ಅದಕ್ಕೆ ಅವರು ಹಿಡಿದ ದಾರಿ ಮಾತ್ರ ಕಟ್ಟಿಗೆಯವರದು. ನಮ್ಮ ನೆಲದ ಗಿಡಗಳಲ್ಲೂ ಅವರು ಗಟ್ಟಿ ಕಟ್ಟಿಗೆಯವನ್ನೇ ಆರಿಸಿದರು. ಸಾಗವಾನಿ, ಬೇವು, ಹುಣಸೆ. ಗಟ್ಟಿ ಕಟ್ಟಿಗೆಯ ಗಿಡ ದಂಡೆಯನ್ನೂ ಗಟ್ಟಿ ಹಿಡಿಯುತ್ತದೆ ಎಂಬುದರಲ್ಲಿ ಅವರಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಖರೆ ಹೇಳಬೇಕೆಂದರೆ ನನಗೂ ಇರಲಿಲ್ಲ. ಅದೇ ಅಡ್ಡೆಯಲ್ಲಿ ಬೆಳೆದವನು ನಾನೂ.

"ಹೊಳಿ ದಂಡಿಗೆ ಅತ್ತಿ ಭಾಳ ಇರತಾವಲ್ಲ?" ಎಂದು ಒಮ್ಮೆ ಕೇಳಿ ನೋಡಿದೆ.

"ಅತ್ತಿ?" ಅಬ್ಬಾ ನನ್ನನ್ನು ಅಡ್ಡೆಗೆ ಹೊಸದಾಗಿ ಬಂದ ಗಿರಾಕಿಯನ್ನು ನೋಡುವಂತೆ ನೋಡಿದರು. "ಅದ್ಯಾವ ಕಟ್ಟಿಗಿಲೇ? ಮೊಳಿ ಹೊಡದ್ರ ಮೊಳಿ ನಿಲ್ಲೂದಿಲ್ಲ. ಹೊಳಿ ನಿಲ್ಲಸತೈತೇನು?"

ಅಡರಕಟ್ಟಿಯಲ್ಲಿ ನನ್ನ ಅಕ್ಕನ ಗಂಡನ ಹೊಲವಿದೆ. ಸಾಗವಾನಿ ಸಸಿಗಳನ್ನು ಅವರು ಕೊಟ್ಟರು. ಉಳಿದವಕ್ಕೆ ಮುಂಡರಗಿಯ ನರ್ಸರಿಗೆ ಹೋದೆವು. ಅಲ್ಲಿ ಬೇವು ಸಾಲದೆ ಬಂದು, ಬದಲಿಗೆ ಕೆಲವು ಹೊಳೆಮತ್ತಿ ಸಸಿ ಹಾಕಿದರು. ಮತ್ತಿಯ ಜಾತಿ, ಗಟ್ಟಿ ಕಟ್ಟಿಗೆ ಎಂದು ಅಬ್ಬಾ ಒಪ್ಪಿಕೊಂಡರು. ನನ್ನ ಹೆಂಡತಿ ಕುರ್ತಕೋಟಿಯ ಎರೆಹೊಲದಲ್ಲಿ ಬೆಳೆದವಳು. ಅವಳ ಕಡೆಯವರು ಆಕಾಶದಿಂದ ಬಿದ್ದ ಒಂದು ಹನಿಯನ್ನೂ ದಾಟಿ ಹೋಗಲು ಬಿಡುವುದಿಲ್ಲ. ಆ ರೂಢಿಯಂತೆ ಪ್ರತಿ ಕುಣಿಯ ಸುತ್ತ ಮಣ್ಣಿನ ಒಡ್ಡು ಕಟ್ಟಿ, ತಾಟಿನ ಅಂಚಿನ ಹಾಗೆ ತಟ್ಟಿ ತಟ್ಟಿ ನುಣುಪು ಮಾಡಿದಳು. "ನೀರು ಎಲ್ಲಿ ಹೋಗತೈತಿ ನೋಡ್ತೀನಿ," ಎಂದಳು. ಎದುರಿಗೆ ಇಡೀ ತುಂಗಭದ್ರೆ ಹರಿಯುತ್ತಿತ್ತು. ನಮಗ್ಯಾರಿಗೂ ನಗು ಬರಲಿಲ್ಲ.

ಸಸಿಗಳ ಸಾಲು ಅಬ್ಬಾನ ಜಾಗದ ಹತ್ತಿರ ಬಂದಾಗ ಅವರು ಕೋಲು ಅಡ್ಡ ಹಿಡಿದರು. ಅಲ್ಲಿ ಗಿಡ ಬೇಡ. "ನನ್ನ ಮನಿ ಬಾಗಲದಾಗ ಗಿಡ ಹಚ್ಚಿದ್ರ ನಾ ಎಲ್ಲಿಂದ ಒಳಗ ಹೋಗ್ಲಿ?" ಸಾಲಿನ ನಡುವೆ ಹಲ್ಲು ಉದುರಿದ ಬಾಯಿಯ ಹಾಗೆ ಒಂದು ಸಂದಿ ಉಳಿಯಿತು. ಆ ಸಂದಿಯ ಹಿಂದೆಯೇ ಅಮ್ಮ ಇದ್ದಳು. ಹೇಳಿದರೆ ಮತ್ತೆ ಗುಳಿಗೆ ಕುಂಡಕ್ಕೆ ಹೋದಾವು ಎಂದು ನಾನು ಬಾಯಿ ಮುಚ್ಚಿಕೊಂಡೆ. ಈಗ ಗುಳಿಗೆಯನ್ನು ನನ್ನ ಹೆಂಡತಿಯೇ ಎದುರು ನಿಂತು ನುಂಗಿಸುತ್ತಿದ್ದಳು. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಅಬ್ಬಾ ತೋರಿಸುತ್ತಿದ್ದರು, ಆದರೆ ಅದರಲ್ಲಿ ಮನಸ್ಸಿರಲಿಲ್ಲ.

ಆ ವರ್ಷ ಹೊಳೆ ಅಷ್ಟೇನೂ ದೊಡ್ಡದಾಗಿ ಬರಲಿಲ್ಲ. ಆದರೂ ಇಳಿದ ಮೇಲೆ ನೋಡಲು ಹೋದೆವು. ಸಾಗವಾನಿಗಳ ಬುಡ ಕೊಳೆತು ಕಪ್ಪಾಗಿ ಲೋಳೆಗಟ್ಟಿತ್ತು. ಹೊಳೆ ಇಳಿದುಹೋಗಿದ್ದರೂ ನನ್ನ ಹೆಂಡತಿ ಕಟ್ಟಿದ ತಾಟುಗಳಲ್ಲಿ ನೀರು ಹಾಗೇ ನಿಂತು ನಾರುತ್ತಿತ್ತು. ಅವಳು ಒಡ್ಡು ಕಟ್ಟಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹುಣಸೆ ಸಸಿಗಳು ಬೇರುಸಹಿತ ಹೋಗಿದ್ದವು. ಬೇವು ಮಾತ್ರ ಎತ್ತರದ ಮೂಲೆಯಲ್ಲಿ ನೀರು ಮುಟ್ಟದ ಕಡೆ ಬದುಕಿತ್ತು. ಇನ್ನು ಆ ಹೊಳೆಮತ್ತಿಗಳು! ಕುತ್ತಿಗೆಯತನಕ ಕೆಸರು ಮೆತ್ತಿಕೊಂಡು, ಏನೂ ಆಗಿಲ್ಲವೆಂಬಂತೆ ತುದಿಯಲ್ಲಿ ಹೊಸ ಎಲೆ ಬಿಟ್ಟುಕೊಂಡು ನಿಂತಿದ್ದವು.

ಬಿಟ್ಟ ಸಂದಿಯಲ್ಲಿ ಹೊಳೆ ಸರಿಯಾಗಿ ಬಾಯಿ ಹಾಕಿತ್ತು. ಅಬ್ಬಾನ ಕಾಲಿನ ಕಡೆಯ ಕಲ್ಲು ಇರಲಿಲ್ಲ. ಕೊರಕಲಿನ ಅಂಚಿಗೂ ಅಮ್ಮನ ಗೋರಿಗೂ ನಡುವೆ ಒಬ್ಬ ಮನುಷ್ಯ ಮಗ್ಗಲಾಗಿ ಮಲಗಬಹುದಾದಷ್ಟು ನೆಲ ಉಳಿದಿತ್ತು. ಅಬ್ಬಾ ಆ ನೆಲವನ್ನು ಕೋಲಿನಿಂದ ಅಳೆದು ನೋಡಿದರು. "ಇನ್ನೊಂದ ಹೊಳಿ," ಎಂದರು. ಅಷ್ಟೇ.

ಆಗ ನನ್ನ ಹೆಂಡತಿ ಪಕ್ಕದ ಹೊಲದ ಕಡೆ ಕೈ ಮಾಡಿದಳು. "ಆ ದಂಡಿ ಯಾಕ ಹರಿದಿಲ್ರಿ? ಅಲ್ಲಿಗೂ ಇದ ಹೊಳಿ ಬಂದೈತೆಲ್ಲ?"

ಖಬರಸ್ತಾನಕ್ಕೆ ಹತ್ತಿದ ಹೊಲ ಅಬ್ಬಾನ ಬಾಲ್ಯದ ಗೆಳೆಯರೊಬ್ಬರದು. ಇಬ್ಬರೂ ಚಿಕ್ಕವರಿದ್ದಾಗ ಇದೇ ಹೊಳೆಯಲ್ಲಿ ಈಜು ಕಲಿತವರು. ಅವರ ದಂಡೆಯ ಮೇಲೆ ಒಂದು ಹಳೆಯ ಅತ್ತಿ, ಅದರ ಕೆಳಗೆ ನೀರಿನತನಕ ಲಕ್ಕಿ ಪೊದೆ. ಗೆಳೆಯರು ಅಲ್ಲೇ ದನ ಮೇಯಿಸುತ್ತಿದ್ದರು. ನಾವು ಹೋದಾಗ ಅಬ್ಬಾ ನೇರವಾಗಿ ಕೇಳಿದರು, "ಇದನ್ನ ಯಾಕ ಉಳಿಸಿದಿ? ಹೊಳಿ ಹಿಡಿತೈತಿ ಅಂತ ಗೊತ್ತಿತ್ತೇನು?"

ಗೆಳೆಯರು ಬಾಯಿ ತುಂಬ ನಕ್ಕರು. "ಎಲ್ಲೀ ಗೊತ್ತು ಮಾರಾಯಾ. ಕಡಿಬೇಕಂತ ಕೊಡ್ಲಿ ತಂದಿದ್ದೆ. ಅತ್ತಿ ದೇವರ ಗಿಡ, ಮುಟ್ಟಬ್ಯಾಡ ಅಂತ ನಮ್ಮವ್ವ ಬೈದ್ಲು. ಬಿಟ್ಟೆ. ಲಕ್ಕಿ ಕೀಳಾಕ ಬ್ಯಾಸರಾತು. ಅದನ್ನೂ ಬಿಟ್ಟೆ."

ಹೀಗೆ ತಮ್ಮವ್ವನ ಬೈಗುಳ ಮತ್ತು ತಮ್ಮ ಸೋಮಾರಿತನದಿಂದ ಹೊಲ ಉಳಿಸಿಕೊಂಡ ಆ ಗೆಳೆಯರ ದಂಡೆಯ ಕೆಳಗೆ ನಾವು ಇಳಿದೆವು. ನೀರು ಮಣ್ಣನ್ನು ಒಂದಿಷ್ಟು ತೊಳೆದು ಬೇರುಗಳನ್ನು ಬಿಚ್ಚಿಟ್ಟಿತ್ತು. ದಪ್ಪ ಬೇರು, ಸಣ್ಣ ಬೇರು, ಕೂದಲಿನಂಥ ಬೇರು, ಅದರೊಳಗೆ ಲಕ್ಕಿಯ ಬೇರು ಹೆಣೆದುಕೊಂಡು ಮಣ್ಣನ್ನು ಹಿಡಿದಿದ್ದವು. ಅಬ್ಬಾ ಕೈ ಚಾಚಿ ಒಂದು ಬೇರನ್ನು ಎಳೆದು ನೋಡಿದರು. ಜಗ್ಗಲಿಲ್ಲ. ಇನ್ನೊಂದನ್ನು ಎಳೆದರು. ಆಮೇಲೆ ಅಂಗೈಯಿಂದ ಆ ಗೋಡೆಯನ್ನು ಸವರುತ್ತ ಆ ತುದಿಯಿಂದ ಈ ತುದಿಯತನಕ ನಡೆದರು.

"ನಾವು ಬೇರು ಕೊಂಡವರಲ್ಲ ನೋಡು," ಎಂದರು ನನಗೆ. "ಕಡದಲ್ಲಿಂದ ಮ್ಯಾಲಿಂದಷ್ಟ ನಮ್ಮ ಅಡ್ಡೆಕ ಬಂತು. ಕೆಳಗಿಂದು ಅಲ್ಲೇ ಉಳೀತು. ಇಷ್ಟ ವರ್ಷ ಅರ್ಧಾ ಗಿಡಾನ ನೋಡೇನಿ ನಾ."

ಹೇಳುವಾಗ ಅವರ ದನಿಯಲ್ಲಿ ಸೋಲಿರಲಿಲ್ಲ. ಹೊಸ ಜಾತಿಯ ದಿಮ್ಮಿ ಅಡ್ಡೆಗೆ ಬಂದಾಗ ಇರುತ್ತಿದ್ದ ಚುರುಕಿತ್ತು. ಆ ದನಿ ಕೇಳಿ ನನಗೆ ಎಷ್ಟೋ ತಿಂಗಳ ಮೇಲೆ ಹಗುರವೆನಿಸಿತು.

ಮುಂದಿನ ಮಳೆಗಾಲಕ್ಕೆ ಆಯ್ಕೆಯೇ ಬದಲಾಯಿತು. ಅಬ್ಬಾ ಈಗ ಎಲ್ಲ ಗಿಡವನ್ನೂ ತಲೆಕೆಳಗು ಮಾಡಿ ನೋಡುತ್ತಿದ್ದರು. ಮುಂಡರಗಿಗೆ ಹೋಗುವ ದಾರಿಯಲ್ಲಿ ಹಳ್ಳದ ಕೊರಕಲು ಕಂಡರೆ ಗಾಡಿ ನಿಲ್ಲಿಸಬೇಕು. ಇಳಿದು ಬಗ್ಗಿ ಬೇರು ನೋಡಬೇಕು. ನೀರು ಆಗಾಗ ಮುಟ್ಟುವ ಕೆಳಗಿನ ಅಂಚಿಗೆ ಲಕ್ಕಿ, ಅದರ ಮೇಲೆ ಹೊಳೆಮತ್ತಿ, ಅದರ ಹಿಂದೆ ಹೊಂಗೆ, ನೀರು ಏರದ ಎತ್ತರಕ್ಕೆ ಬೇವು ಎಂದು ಅವರೇ ತೀರ್ಮಾನಿಸಿದರು. ಬೇವನ್ನು ಬೈದು ಪ್ರಯೋಜನವಿಲ್ಲ, ಅದನ್ನು ನಿಲ್ಲಿಸಿದ ಜಾಗ ತಪ್ಪು ಎಂದರು. ಲಕ್ಕಿಯ ಕಡ್ಡಿಗಳನ್ನು ಗೆಳೆಯರ ದಂಡೆಯಿಂದಲೇ ತಂದು ಒತ್ತೊತ್ತಾಗಿ ಊರಿದೆವು. ಆಡುಗಳು ಬಂದು ಮೂಸಿ ನೋಡಿ ಮುಖ ತಿರುಗಿಸಿಕೊಂಡು ಹೋದವು. ಅದನ್ನು ನೋಡಿ ಅಬ್ಬಾಗೆ ಲಕ್ಕಿಯ ಮೇಲೆ ಗೌರವ ಇನ್ನೂ ಹೆಚ್ಚಿತು. ಈ ಸಲ ಕುಣಿಯ ಸುತ್ತ ಒಡ್ಡು ಕಟ್ಟಲಿಲ್ಲ. ನನ್ನ ಹೆಂಡತಿಯ ಕೈ ತಾನಾಗಿ ಮಣ್ಣು ಎಳೆಯುತ್ತಿತ್ತು, ಅವಳೇ ಮತ್ತೆ ಸರಿಸುತ್ತಿದ್ದಳು.

ಅತ್ತಿಯ ಟೊಂಗೆ ಕೊಡಲು ಗೆಳೆಯರು ಒಪ್ಪಿದರು. ತೋಳಿನಷ್ಟು ದಪ್ಪದ ಹಸಿ ಟೊಂಗೆ ಊರಿದರೆ ಸಾಕು, ಅದೇ ಚಿಗುರುತ್ತದೆ. ಆದರೆ ದಿನ ಕೂಡಿಬರಬೇಕಲ್ಲ. ಗುರುವಾರ ಅತ್ತಿಗೆ ಕೊಡಲಿ ಹಚ್ಚುವುದಿಲ್ಲ ಎಂದು ಗೆಳೆಯರು. ಶುಕ್ರವಾರ ನಮಾಜು ಬಿಟ್ಟು ಬರುವುದಿಲ್ಲ ಎಂದು ಅಬ್ಬಾ. ಬುಧವಾರ ಯಾಕೆ ಆಗುವುದಿಲ್ಲವೆಂದು ನಾನು ಕೇಳಿದ್ದಕ್ಕೆ ಇಬ್ಬರೂ ಸೇರಿ ನನ್ನನ್ನೇ ಗದರಿಸಿದರು. ಕೊನೆಗೆ ಶನಿವಾರ ಎಂದಾಯಿತು. ಆವತ್ತು ಗೆಳೆಯರು ಮರದ ಬುಡಕ್ಕೆ ನೀರು ಹಾಕಿ, ಕೈ ಮುಗಿದು, ಆಮೇಲೆ ಕೊಡಲಿ ಎತ್ತಿದರು. "ನಮ್ಮ ದೇವರ ಗಿಡ ನಿಮ್ಮ ಖಬರಸ್ತಾನಕ್ಕ ಹೊಂಟೈತಿ, ಚಂದಾಗಿ ನೋಡ್ಕೋರಿ," ಎಂದು ಹೆಣ್ಣು ಕೊಟ್ಟವರ ಗತ್ತಿನಲ್ಲಿ ಹೇಳಿದರು.

ಟೊಂಗೆಗಳನ್ನು ಹೊತ್ತು ತಂದು ದಂಡೆಯುದ್ದಕ್ಕೂ ಊರಿದೆವು. ಒಂದು ಟೊಂಗೆ ಕೈಯಲ್ಲಿ ಉಳಿಯಿತು. ಎಲ್ಲರಿಗೂ ಗೊತ್ತಿತ್ತು ಅದು ಎಲ್ಲಿಗೆ ಎಂದು. ಕೊರಕಲು ಬಿದ್ದ ಆ ಸಂದಿ ಹಾಗೇ ಇತ್ತು. ಅಬ್ಬಾನ ತಲೆಯ ಕಡೆಯ ಕಲ್ಲು ಒಂದೇ ಅಲ್ಲಿ ನಿಂತಿತ್ತು. ಲಕ್ಕಿ ಹಚ್ಚಿದರೆ ಬೇಕಾದಾಗ ಕೀಳಬಹುದು, ಆದರೆ ಅಷ್ಟು ಆಳದ ಕೊರಕಲಿಗೆ ಲಕ್ಕಿ ಸಾಲದು. ಅತ್ತಿ ಊರಿದರೆ ಆ ನೆಲದಲ್ಲಿ ಮುಂದೆ ಯಾರನ್ನೂ ಮಣ್ಣು ಮಾಡಲಾಗದು. ಗುದ್ದಲಿ ಹಾ‌ಕಿದರೆ ದಂಡೆಯನ್ನು ಹಿಡಿದ ಬೇರನ್ನೇ ಕಡಿದಂತೆ.

ನಾನು ಟೊಂಗೆಯ ತುದಿಯ ಎಲೆಗಳನ್ನು ಕೀಳುತ್ತ ನಿಂತೆ. ಗೆಳೆಯರೂ ಬೇರೆ ಕಡೆ ನೋಡುತ್ತ ನಿಂತರು. ಅಬ್ಬಾ ಅಮ್ಮನ ಗೋರಿಯ ಹತ್ತಿರ ಹೋಗಿ, ಅದರ ಮೇಲೆ ಬಿದ್ದಿದ್ದ ಒಣ ಎಲೆಗಳನ್ನು ಒಂದೊಂದಾಗಿ ಆರಿಸಿ ತೆಗೆದರು. ಆಮೇಲೆ ತಮ್ಮ ಕಲ್ಲನ್ನು ಎರಡೂ ಕೈಯಿಂದ ಅಲ್ಲಾಡಿಸತೊಡಗಿದರು. ಅದು ಬರಲಿಲ್ಲ. ನಾನು ಹೋಗಿ ಕೈ ಹಚ್ಚಿದೆ. ಇಬ್ಬರೂ ಸೇರಿ ಕಿತ್ತೆವು.

"ಇಲ್ಲೆ ಹಚ್ಚು," ಎಂದರು.

"ಅಬ್ಬಾ, ಇದು ನಿಮ್ಮ ಜಾಗಾ."

"ಗೊತ್ತೈತಿ."

ಅಮ್ಮನನ್ನು ತಂಗಿ ಎಂದೇ ಕರೆಯುತ್ತಿದ್ದ ಗೆಳೆಯರು ಮೆಲ್ಲಗೆ ಕೇಳಿದರು, "ಅತ್ತಿ ಬೇರು ಭಾಳ ದೂರ ಹೋಗತಾವ. ನಾಳೆ ತಂಗೀನ ಮುಟ್ಟತಾವಲ್ಲೋ?"

ಅಬ್ಬಾ ಟೊಂಗೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಮುಟ್ಟಲಿ. ಹೊಳಿ ಮುಟ್ಟೂದಕ್ಕಿಂತ ಬೇರು ಮುಟ್ಟಲಿ. ಅವು ಹಿಡಕೊಂತಾವ, ಒಯ್ಯೂದಿಲ್ಲ." ಬಗ್ಗಿ ತಾವೇ ಕುಣಿಗೆ ಟೊಂಗೆ ಇಳಿಸಿ, ಕೈಯಿಂದ ಮಣ್ಣು ತುಂಬಿ, ಕಾಲಿನಿಂದ ಮೆಟ್ಟಿದರು. ನಾನು ಆ ಕಡೆ ತಿರುಗಿ ಸಾಮಾನು ಆರಿಸುವವನಂತೆ ನಟಿಸಿದೆ. ಕಣ್ಣು ಒರೆಸಿಕೊಳ್ಳಬೇಕಾಗಿತ್ತು.

ಆ ವರ್ಷದ ಹೊಳೆ ಸಣ್ಣದು. ಅತ್ತಿ ಚಿಗುರಿತು, ಲಕ್ಕಿ ಹಬ್ಬಿತು. ಮನೆಯಲ್ಲಿ ಅಬ್ಬಾ ಜಗಳವಿಲ್ಲದೆ ಗುಳಿಗೆ ನುಂಗಿದರು. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮೊದಲು ಅವರಿಗೆ ಹೋಗಲು ಒಂದು ಅವಸರವಿತ್ತು. ಈಗ ಅವಸರವೂ ಇಲ್ಲ, ಇರಬೇಕೆಂಬ ಆಸೆಯೂ ಕಾಣುತ್ತಿರಲಿಲ್ಲ. ತಮ್ಮ ಜಾಗ ಕೊಟ್ಟಾಯಿತು. ಕೊಟ್ಟದ್ದು ಸಾರ್ಥಕವಾಯಿತೋ ಇಲ್ಲವೋ ಎಂದು ಕಾಯುತ್ತ ಕೂತಿದ್ದರು. ಆ ದಂಡೆ ಅಮ್ಮನನ್ನೂ ಕಳಕೊಂಡರೆ ಈ ಮನೆಯಲ್ಲಿ ಅವರನ್ನು ಹಿಡಿದಿಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮರು ವರ್ಷ ಹೊಳೆ ಬಂತು. ಎಂಥ ಹೊಳೆ ಅಂತೀರಿ! ಸೇತುವೆಯ ಕಡೆಗೆ ಹೋಗುವ ರಸ್ತೆ ಬಂದಾಯಿತು. ಊರಿನ ಕೆಳಗೇರಿಯವರನ್ನು ಶಾಲೆಗೆ ಸಾಗಿಸಿದರೆಂದು ಖಬರ ಬಂತು. ನಾನು ಗೆಳೆಯರಿಗೆ ಫೋನ್ ಮಾಡಿದೆ. "ಖಬರಸ್ತಾನ ಕಾಣವಲ್ದು, ಬರೇ ನೀರು," ಎಂದರು. ಅಬ್ಬಾ ಅಡ್ಡೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂತರು. ಗಿರಾಕಿಗಳು ಮಾತಾಡಿಸಿದರೆ ತಲೆಯಷ್ಟೇ ಆಡಿಸುವರು. ನನ್ನ ಹೆಂಡತಿ ಚಹಾ ತಂದಿಟ್ಟು ಬಂದಳು. ಅದು ಆರಿ ಕೆನೆಗಟ್ಟಿತು. ನೀರು ಇಳಿಯುವತನಕ ದಿನವೂ ಅದೇ ಕುರ್ಚಿ, ಅದೇ ರಸ್ತೆ.

ಫೋನ್ ಬಂದಾಗ ನಾನೇ ಎತ್ತಿದೆ. ಆ ಕಡೆಯಿಂದ ಗೆಳೆಯರು ಕೂಗುತ್ತಿದ್ದರು, ಹೊಳೆ ಇನ್ನೂ ಸದ್ದು ಮಾಡುತ್ತಿದೆ ಎಂಬಂತೆ. "ನಿಂತೈತಿ! ನಿಮ್ಮಪ್ಪಗ ಹೇಳು, ನಿಂತೈತಿ!"

ನಾನು ಹೇಳುವ ಮೊದಲೇ ಅಬ್ಬಾ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ನಾವು ಮೂವರೂ ಹೋದೆವು. ಖಬರಸ್ತಾನದ ತುಂಬ ಮೆಕ್ಕಲು ಮಣ್ಣು ಹರಡಿತ್ತು. ಕಾಲಿಟ್ಟರೆ ಪಾದ ಮುಳುಗುತ್ತಿತ್ತು. ಲಕ್ಕಿ ಪೊದೆಗಳು ಹೊಳೆ ಹರಿದ ದಿಕ್ಕಿಗೆ ಮಲಗಿದ್ದವು, ಆದರೆ ಒಂದೂ ಹೋಗಿರಲಿಲ್ಲ. ಹೊಳೆ ತಂದ ಮಣ್ಣನ್ನು ಅವು ತಮ್ಮ ಬುಡಕ್ಕೆ ಎಳೆದುಕೊಂಡಿದ್ದವು. ಹೋದ ಸಲ ಕೊರಕಲಿದ್ದ ಕಡೆ ಈಗ ಮೆತ್ತಗಿನ ಇಳಿಜಾರು. ಹೊಳೆಮತ್ತಿಗಳ ಕೊಂಬೆಗೆ ಕಸ, ಬಳ್ಳಿ, ಯಾರದೋ ಮನೆಯ ಪ್ಲಾಸ್ಟಿಕ್ ಕೊಡ ಸಿಕ್ಕಿಕೊಂಡಿತ್ತು. ಅಬ್ಬಾನ ಅತ್ತಿ ಆಳೆತ್ತರ ಬೆಳೆದಿತ್ತು. ಮೈತುಂಬ ಕೆಸರು, ಒಂದು ಟೊಂಗೆ ಮುರಿದಿತ್ತು, ಆದರೆ ನೆಟ್ಟಗೆ ನಿಂತಿತ್ತು. ಅದರ ಹಿಂದೆ ಅಮ್ಮನ ಗೋರಿ ಮಣ್ಣು ಹೊದ್ದುಕೊಂಡು ಇಡಿಯಾಗಿತ್ತು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ.

ನನ್ನ ಹೆಂಡತಿ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು. ನನಗೆ ಅಳು ಬಂತು, ಅತ್ತುಬಿಟ್ಟೆ. ತಡೆಯಬೇಕೆನಿಸಲಿಲ್ಲ. ಅಬ್ಬಾ ಫಾತಿಹಾ ಓದಿ, ಕೈಯಿಂದ ಗೋರಿಯ ಮೇಲಿನ ಕೆಸರನ್ನು ಬಳಿದು ತೆಗೆದರು. ಆಮೇಲೆ ಅತ್ತಿಯ ಬೊಡ್ಡೆಯನ್ನು ಹಿಡಿದು ಜೋರಾಗಿ ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ. ತಮ್ಮ ಹೆಗಲೇ ಅಲ್ಲಾಡಿದ್ದಕ್ಕೆ ನಕ್ಕರು.

"ಅಬ್ಬಾ," ಎಂದೆ. ಕೇಳಬಾರದಿತ್ತೇನೋ, ಆದರೂ ಕೇಳಿದೆ. "ಹಂಗಾರ ನಿಮ್ಮನ್ನ?"

"ಎಲ್ಲಿರ ಹಾಕ್ರಿ. ಲಕ್ಷ್ಮೇಶ್ವರದಾಗ ಹಾಕ್ರಿ, ಅಡ್ಡೆದ ಮಗ್ಗಲಕ ಐತೆಲ್ಲ ಖಬರಸ್ತಾನ. ಗರಗಸದ ಸಪ್ಪಳ ನನಗೇನ ಬ್ಯಾಸರಿಲ್ಲ." ಅಮ್ಮನ ಕಡೆಗೊಮ್ಮೆ, ಅತ್ತಿಯ ಕಡೆಗೊಮ್ಮೆ ನೋಡಿದರು. "ಅಕಿ ಹಂತ್ಯಾಕ ನಿಲ್ಲಾಕ ಇದು ಐತಿ. ನನಗಿಂತ ಚಂದ ನಿಂತೈತಿ."

ವಾಪಸು ಬರುವಾಗ ಅಬ್ಬಾ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಪಂಚೆಯ ತುಂಬ ಕೆಸರು. ಶಿರಹಟ್ಟಿ ಹತ್ತಿರ ಬಂದಾಗ ತಾವಾಗಿಯೇ ಮಾತು ತೆಗೆದರು. "ಹೊಂಗಿ ಹಿಂದ ಜಾಗಾ ಖಾಲಿ ಐತಿ ನೋಡು. ಮುಂದಿನ ಮಳಿಗೆ ಅಲ್ಲಿ ನೇರಲ ಬೀಜಾ ಊರೂಣು. ನೇರಲದ ಬೇರು ನೀರಿಗೆ ಅಂಜೂದಿಲ್ಲ."

ನಾನು ನಕ್ಕೆ. "ಬೀಜದ್ದು ಅಂದ್ರ ಹಣ್ಣು ಬಿಡಾಕ ಭಾಳ ವರ್ಷ ಹಿಡಿತೈತ್ರಿ, ಅಬ್ಬಾ."

"ಹಿಡೀಲಿ ಬಿಡು," ಎಂದರು ಅಬ್ಬಾ. "ನಾ ಎಲ್ಲಿ ಹೊಂಟೇನಿ?"